ಮಂಜಿನಲ್ಲಿ ಡಬ್ಬ ಬಡಿದದ್ದು

ಕೊಇವಾ ಕಡಲದಂಡೆ, ಹೊಕ್ಕೈಡೊ
ಜುಲೈ ೨೮, ೧೯೭೦

ಫುಮಿಯೆಯ ಅಪ್ಪನಿಗೆ ಹಾತ್ಸು ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬಲಗಾಲು ಈಗ ನೆಲಕ್ಕೆ ಊರುತ್ತದೆಯೇ, ಇಲ್ಲ ಇನ್ನೂ ಎಳೆದುಕೊಂಡೇ ನಡೆಯುತ್ತಿದ್ದೀರಾ? ‘ಅಪ್ಪ ಊಟ ಚೆನ್ನಾಗಿ ಮಾಡ್ತಾರೆ, ಮಾತು ಮಾತ್ರ ಇಲ್ಲ’ ಎಂದು ಸಪ್ಪೊರೊದಿಂದ ಮಗಳು ಫುಮಿಯೆ ಬರೆದಿದ್ದಾಳೆ. ನಿಮಗೆ ಪಾರ್ಶ್ವವಾಯು ಬಡಿಯುವ ಮೊದಲು ಮಾತು ಯಾವ ಕಾಲದಲ್ಲಿತ್ತು ಎಂದು ಅವಳನ್ನು ನಾನೇ ಕೇಳಬೇಕು. ಡಾಕ್ಟರು ಉಪ್ಪು ಬಿಡಿಸಿದ್ದಾರಂತೆ. ಉಪ್ಪುಮೀನಿಲ್ಲದೆ ನಿಮ್ಮ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತದೋ ಕಾಣೆ. ಇದನ್ನು ಫುಮಿಯೆ ಎಲ್ಲರೆದುರು ಗಟ್ಟಿಯಾಗಿ ಓದುತ್ತಾಳೆಂದು ಗೊತ್ತು, ಹಾಗಾಗಿ ಅಳಿಯಂದಿರಿಗೂ ಮೊಮ್ಮಗಳಿಗೂ ಇಲ್ಲೇ ನನ್ನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಸೊಂಟ ತನ್ನ ಪಾಡಿಗೆ ಗೊಣಗುತ್ತಿರುತ್ತದೆ, ನಾನು ಅದಕ್ಕೆ ಉತ್ತರ ಕೊಡಲು ಹೋಗುವುದಿಲ್ಲ.

ಕಡಲಸೊಪ್ಪಿನ ಕೊಯ್ಲು ಶುರುವಾಗಿ ಹದಿನೆಂಟು ದಿನವಾಯಿತು. ಕಡಲಿಗಿಳಿಯಬಹುದೆಂಬ ಬಿಳಿ ಬಾವುಟ ಏರಿದ್ದು ಏಳೇ ದಿನ. ಉಳಿದ ದಿನಗಳೆಲ್ಲ ಒದ್ದೆ ಆಕಾಶ ನೋಡಿಕೊಂಡು ಚಾಪೆ ಹೊಲಿದದ್ದೇ ಆಯಿತು. ಈ ವರ್ಷ ನಮ್ಮ ದೋಣಿ ನೀರಿಗಿಳಿಯದೆ ಕವುಚಿ ಬಿದ್ದಿದೆಯಲ್ಲ, ಸುಮ್ಮನೆ ಕೂತರೆ ಹುಚ್ಚು ಹಿಡಿದೀತೆಂದು ನಾನು ಮಸಾಜಿಯ ಅಂಗಳಕ್ಕೆ ಸೊಪ್ಪು ಹರಡಲು ಹೋಗುತ್ತಿದ್ದೇನೆ. ಒಂಬತ್ತು ಬೇಸಿಗೆ ನಿಮ್ಮ ದೋಣಿಯಲ್ಲಿ ದುಡಿದವನು, ಈಗ ಸ್ವಂತ ದೋಣಿ, ಹೆಂಡತಿ, ಎರಡು ಮಕ್ಕಳು. ಆದರೂ ನನ್ನನ್ನು ಇನ್ನೂ ದೊಡ್ಡಮ್ಮ ಎಂದೇ ಕರೆಯುತ್ತಾನೆ. ಅವನ ಹೆಂಡತಿ ನೊಬು ಒಳ್ಳೆಯವಳೇ, ಆದರೆ ಅವಸರದ ಪಿಂಡ. ಎರಡಾಳುದ್ದದ ಸೊಪ್ಪನ್ನು ಜಲ್ಲಿಯ ಮೇಲೆ ನೆಟ್ಟಗೆ ಹಾಸಲು ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕಲ್ಲ. ನಾನು ಬಗ್ಗುವ ಮೊದಲೇ ಅವಳು ಎಳೆದುಬಿಡುತ್ತಾಳೆ. ನೀವಾದರೆ ನನ್ನ ಸೊಂಟ ಬಗ್ಗಿ ಏಳುವವರೆಗೂ ತುದಿ ಹಿಡಿದು ಕಾಯುತ್ತಿದ್ದಿರಿ. ಬಾಯಿ ಬಿಟ್ಟು ಹೇಳಿದವರಲ್ಲ, ಆದರೆ ಕಾಯುತ್ತಿದ್ದಿರಿ. ಇದು ಈ ವರ್ಷ ತಿಳಿಯಿತು ನನಗೆ.

ಮೊನ್ನೆ ಶುಕ್ರವಾರದ ಸುದ್ದಿ ಹೇಳಬೇಕು. ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಬರೆದುಬಿಡುತ್ತೇನೆ. ಬೆಳಗ್ಗೆ ಐದಕ್ಕೆ ಕುರಾಮೊಚಿ ಅಜ್ಜ ಬಿಳಿ ಬಾವುಟ ಏರಿಸಿದ. ಆಕಾಶ ತೊಳೆದಿಟ್ಟ ಹಾಗಿತ್ತು. ಒಂಬತ್ತಕ್ಕೆಲ್ಲ ಜಲ್ಲಿ ಕಾದು, ರಬ್ಬರ್ ಬೂಟಿನೊಳಗೆ ಕಾಲು ಬೆಂದುಹೋಗುತ್ತಿತ್ತು. ಮಸಾಜಿ ಒಂದು ಸಲದ ಸೊಪ್ಪು ಇಳಿಸಿ ಎರಡನೆಯದಕ್ಕೆ ಹೋಗಿದ್ದ. ‘ಇವತ್ತು ಸಂಜೆಗೆಲ್ಲ ಒಣಗ್ಬಿಡತ್ತೆ ನೋಡಿ ದೊಡ್ಡಮ್ಮ’ ಎಂದು ನೊಬು ಹೇಳುತ್ತಿದ್ದಳು. ಆ ಮಾತು ಅವಳ ಬಾಯಲ್ಲಿರುವಾಗಲೇ ನನ್ನ ಕತ್ತಿನ ಬೆವರು ತಣ್ಣಗಾಯಿತು. ತಲೆಯೆತ್ತಿದರೆ ಕಡಲೇ ಇಲ್ಲ! ಬೆಳ್ಳಗಿನದೊಂದು ಸದ್ದಿಲ್ಲದೆ ದಂಡೆ ಹತ್ತಿ ಬರುತ್ತಿತ್ತು. ಬಂಡೆ ಹೋಯಿತು, ದೋಣಿಗಳು ಹೋದವು, ಹತ್ತು ಮಾರು ದೂರದಲ್ಲಿದ್ದ ನೊಬು ಹೋದಳು. ಹರಡಿದ್ದ ಸೊಪ್ಪಿನ ಇನ್ನೊಂದು ತುದಿ ಕಾಣದು. ಕೈಗೆ ಸಿಕ್ಕಷ್ಟನ್ನು ಬಾಚಿ ಗುಡ್ಡೆ ಹಾಕಿ ಚಾಪೆ ಹೊದಿಸಿದೆವು.

ಆಮೇಲೆ ನೊಬುವೂ ಅಕ್ಕಪಕ್ಕದ ಅಂಗಳದ ಹೆಂಗಸರೂ ತಮ್ಮ ತಮ್ಮ ಮನೆಯತ್ತ ಓಡಿದರು. ಅಳಿಯಂದಿರು ಪೇಟೆಯವರು, ಅವರಿಗೆ ತಿಳಿಯಲಿ ಎಂದು ಬರೆಯುತ್ತೇನೆ: ಮಂಜು ಕವಿದರೆ ಇಲ್ಲಿ ಪ್ರತಿ ಮನೆಯ ಹೆಂಗಸೂ ದಂಡೆಯಲ್ಲಿ ನಿಂತು ಸೀಮೆಎಣ್ಣೆ ಡಬ್ಬ ಬಡಿಯುತ್ತಾಳೆ. ಒಂದೊಂದು ಮನೆಗೆ ಒಂದೊಂದು ಬಡಿತ. ಕಡಲಲ್ಲಿರುವವನು ತನ್ನ ಮನೆಯದನ್ನು ಕಿವಿಯಲ್ಲಿ ಹಿಡಿದು ಬರಬೇಕು. ನಮ್ಮದು ಮೂರು ಬಡಿದು, ತುಸು ತಡೆದು, ಒಂದು. ಯಾರ ದೋಣಿ ದಂಡೆಯಲ್ಲಿದೆಯೋ ಅವರ ಡಬ್ಬ ಸುಮ್ಮನಿರಬೇಕು, ಇಲ್ಲದಿದ್ದರೆ ಯಾರಾದರೂ ದಾರಿ ತಪ್ಪುತ್ತಾರೆ. ಮೂವತ್ತು ವರ್ಷ ಈ ಮಾತನ್ನು ಹೊಸ ಸೊಸೆಯರಿಗೆಲ್ಲ ಹೇಳಿಕೊಟ್ಟವಳು ನಾನೇ.

ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ನಾನೊಬ್ಬಳೇ ಉಳಿದೆ. ನಾನು ಓಡುವುದು ಯಾರಿಗಾಗಿ? ಆ ಕಡೆ ಈ ಕಡೆ ಡಬ್ಬಗಳು ಶುರುವಾದವು. ಕಣ್ಣು ಕಾಣದವರ ಹಾಗೆ ಬೇಲಿ ತಡವುತ್ತಾ ಮನೆಗೆ ಬಂದೆ. ಡಬ್ಬ ಸೂರಿನ ಕೆಳಗೆ ತೂಗುತ್ತಿತ್ತು. ಕೋಲು ಕೈಗೆ ಬಂತು. ದಂಡೆಗೆ ಹೋಗಿ ನಿಂತು ಬಡಿದೆ. ಮೂರು, ಆಮೇಲೆ ಒಂದು. ಅರ್ಧ ಗಂಟೆ ಬಡಿದಿರಬೇಕು. ತೋಳು ಸೋತಿತು, ಬಿಡಲಿಲ್ಲ.

ಎದುರಿಗೇ ಮೋಟಾರಿನ ಸದ್ದು ಕೇಳಿತು ಕಣ್ರೀ. ದೇವರಾಣೆ, ಒಂದು ಕ್ಷಣ ನನ್ನ ಎದೆ ಅರಳಿತು. ಮರುಕ್ಷಣ ಹಲಗೆ ಸೀಳಿದ ಸದ್ದು. ನಮ್ಮ ದೋಣಿ ಇಳಿಸುವ ಇಳಿಜಾರಿನ ಮುಂದಿನ ಮುಳುಗುಬಂಡೆಗೆ ಪ್ರತಿ ವರ್ಷ ನೀವು ಗುರುತಿಗೆ ಕಟ್ಟುತ್ತಿದ್ದ ತೇಲುಗುಂಡನ್ನು ಈ ಸಲ ಯಾರೂ ಕಟ್ಟಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಹಗ್ಗ ಎಳೆಯುತ್ತಾ ಮಸಾಜಿ ಮಂಜಿನಿಂದ ಹೊರಬಂದ. ಹಣೆಯಲ್ಲಿ ರಕ್ತ. ನನ್ನನ್ನು ಕಂಡು ನಿಂತ. ‘ಅಯ್ಯೋ ದೊಡ್ಡಮ್ಮ, ನಿಮ್ಮ ಬಡಿತ ಕೇಳಿ ಯೋಚ್ನೇನೇ ಮಾಡ್ಲಿಲ್ಲ ನಾನು, ಕೈ ತಾನೇ ಇತ್ಲಾಗೆ ತಿರುಗಿಸ್ತು’ ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈದವಳು ನೊಬು. ಅಲ್ಲಿಯವರೆಗೂ ತನ್ನ ಡಬ್ಬ ಬಡಿಯುತ್ತಲೇ ಇದ್ದವಳು ಓಡಿ ಬಂದು, ಗಂಡನ ತಲೆಗೆ ತನ್ನ ವಸ್ತ್ರ ಕಟ್ಟಿ, ನನ್ನತ್ತ ತಿರುಗಿದಳು. ‘ನಾನು ಅಲ್ಲಿ ಬಾಯಿ ಬಡ್ಕೊಂಡು ಕರೀತಿದ್ದೀನಿ, ನೀವ್ಯಾಕ್ರೀ ಇಲ್ಲಿ? ನಿಮ್ಮೋರು ಸಪ್ಪೊರೊದಲ್ಲಿ ಸೋಫಾ ಮೇಲೆ ಕೂತಿದಾರಲ್ಲ!’ ಎಂದಳು. ಸರಿಯಾಗಿಯೇ ಕೇಳಿದಳು. ಅವಳ ಎರಡು ಮಕ್ಕಳು ಅಲ್ಲೇ ನಿಂತು ಅಳುತ್ತಿದ್ದವು. ಸಂಜೆ ಕುರಾಮೊಚಿ ಅಜ್ಜ ಬಂದು ಚಹಾ ಕುಡಿದು, ‘ಯಾಕಮ್ಮ ಹಂಗ್ ಮಾಡಿದೆ?’ ಎಂದ. ಅಭ್ಯಾಸಬಲ, ಮೂವತ್ತು ವರ್ಷದ ಕೈ, ತಾನೇ ಬಡಿದುಬಿಟ್ಟಿತು ಎಂದೆ. ತಲೆಯಾಡಿಸಿದ. ಹೋಗುವಾಗ ಡಬ್ಬದ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮಸಾಜಿಯ ದೋಣಿಯ ತಳ ಸೀಳಿದೆ, ಮೋಟಾರಿನ ರೆಕ್ಕೆ ಬಾಗಿದೆ. ರಿಪೇರಿಗೆ ಹತ್ತು ದಿನವಂತೆ. ಬಿಸಿಲಿನ ದಿನಗಳೇ ಕಡಿಮೆ, ಅದರಲ್ಲಿ ಹತ್ತು ದಿನ ದಂಡೆಯಲ್ಲಿ ಕೂತರೆ ಅವನ ಸಂಸಾರದ ಗತಿ ಏನು? ನಿಮ್ಮನ್ನು ಕೇಳದೆ ನಮ್ಮ ದೋಣಿ ತೆಗೆದುಕೊಂಡು ಹೋಗು ಎಂದೆ. ಬೇಡ ಬೇಡ ಎಂದವನನ್ನು ಗದರಿಸಿ ಒಪ್ಪಿಸಿದೆ. ನಿಮಗೆ ಸಿಟ್ಟು ಬಂದರೆ ಬರಲಿ. ನಿನ್ನೆ ಬಿಳಿ ಬಾವುಟ ಏರಿತು, ನಮ್ಮ ದೋಣಿ ಹೋಯಿತು. ಅದರಲ್ಲಿ ಬೇರೆಯವನ ಬೆನ್ನು ನೋಡುತ್ತಾ ದಂಡೆಯಲ್ಲಿ ನಿಂತಿದ್ದೆ. ಕಣ್ಣಿಗೆ ಉಪ್ಪುಗಾಳಿ ಹೊಡೆದು ನೀರು ಬಂತು, ಮನೆಗೆ ಬಂದೆ.

ಇಷ್ಟೇ ಸುದ್ದಿ. ನೀವು ಏನೂ ಯೋಚನೆ ಮಾಡಬೇಡಿ. ಬೇರೆಯವರ ದೋಣಿ ನೋಡುತ್ತಾ ಕೈಕಟ್ಟಿ ಕೂರಲಾರೆ ಎಂದು ಹೊರಡುವಾಗ ಹೇಳಿದಿರಲ್ಲ, ಅದು ನನಗೆ ಅರ್ಥವಾಗುತ್ತದೆ. ಚಳಿಗಾಲವನ್ನೂ ಅಲ್ಲೇ ಕಳೆಯಿರಿ. ಅಲ್ಲಿ ಒಲೆ ಚೆನ್ನಾಗಿದೆ, ಆಸ್ಪತ್ರೆ ಹತ್ತಿರ. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ. ನೆರೆಹೊರೆಯಿದೆ, ರೇಡಿಯೊ ಇದೆ. ಮಗಳ ಮಾತು ಕೇಳಿ, ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು. ಎಲ್ಲರೂ ತಣ್ಣಗಿರಿ.

ಇಂತು ನಿಮ್ಮ
ಹಾತ್ಸು

ಮರೆತದ್ದು: ಫುಮಿಯೆ, ಇಲ್ಲಿಂದ ಮುಂದೆ ನೀನು ಓದಬೇಡ. ಕಾಗದ ಅಪ್ಪನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗು.

ರೀ, ಅಭ್ಯಾಸ ಎಂದದ್ದು ಸುಳ್ಳು. ಅಜ್ಜನಿಗೂ ಸುಳ್ಳು ಹೇಳಿದೆ. ಕವುಚಿದ ದೋಣಿ ನಾಲ್ಕು ಹೆಜ್ಜೆಯಲ್ಲೇ ಇತ್ತು, ಅದಕ್ಕೆ ಬೆನ್ನು ಮಾಡಿ ನಿಂತು ಬಡಿದೆ. ಬಡಿಯುವಷ್ಟು ಹೊತ್ತು ನೀವು ಆ ಮಂಜಿನೊಳಗೆ ಎಲ್ಲೋ ಇದ್ದಿರಿ, ಬರುತ್ತಿದ್ದಿರಿ. ನಿಲ್ಲಿಸಿದರೆ ಇಲ್ಲವಾಗುತ್ತಿದ್ದಿರಿ. ಚಳಿಗಾಲ ಅಲ್ಲೇ ಕಳೆಯಿರಿ ಎಂದದ್ದೂ ಮಗಳ ಕಿವಿಗಾಗಿ ಬರೆದದ್ದು. ಕಡಲಿಗೆ ಹೋಗಬೇಡಿ, ದಂಡೆಗೂ ಇಳಿಯಬೇಡಿ, ಬೇಕಾದರೆ ಗೋಡೆಗೆ ಮುಖ ಮಾಡಿ ಕೂತಿರಿ. ಆದರೆ ಬನ್ನಿ. ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಮುಂಚೆಯೇ ಬನ್ನಿ, ಮಸಾಜಿ ಕುಶಿರೊ ಸ್ಟೇಷನ್ನಿಗೆ ಬರುತ್ತಾನೆ. ಇವತ್ತು ಮಧ್ಯಾಹ್ನ ಮತ್ತೆ ಮಂಜು ಬಂತು. ಕೋಲಿರಲಿಲ್ಲ. ಸಾರಿನ ಸೌಟು ಹಿಡಿದು ಹೊಸ್ತಿಲವರೆಗೂ ಹೋಗಿದ್ದೆ.