ಎವೆಲಿಯೊ ತುಂಬಿಸಿದ ಗ್ಯಾಸು

ಆಗಸ್ಟ್ ೯, ಹವಾನಾ

ಆ ಹಾಳು ಲೋಟ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ತೀರಿಕೊಂಡ ಗಂಡ ಎವೆಲಿಯೊನ ಟ್ಯಾಕ್ಸಿಗೆ ಬೇರೆ ಎಂಜಿನ್ ಕೂರಿಸಲು ನನ್ನ ಗ್ಯಾರೇಜಿಗೆ ಕೊಟ್ಟಾಗಲೇ ಎನೆಯ್ದಾ ಹೇಳಿದ್ದಳು: “ಎ.ಸಿ. ಪೈಪ್ ಮಾತ್ರ ಬಿಚ್ಚಬೇಡ ಕಣಪ್ಪ. ಒಳಗಿರೋ ಗ್ಯಾಸು ಅವರು ಕೈಯಾರೆ ತುಂಬಿಸಿದ್ದು.”

ಬಿಚ್ಚಲಿಲ್ಲ. ಕಂಪ್ರೆಸರನ್ನು ಪೈಪ್ ಸಮೇತ ಪಕ್ಕಕ್ಕೆ ಸರಿಸಿ, ತಂತಿಯಲ್ಲಿ ನೇತುಹಾಕಿ, ಹಳೆಯ ಎಂಜಿನ್ ಎತ್ತಿದೆ. ಬ್ಯಾಟರಿಯನ್ನೂ ತೆಗೆದಿಟ್ಟಿದ್ದೇನೆ; ಎ.ಸಿ. ಓಡುವ ಮಾತೇ ಇಲ್ಲ.

ಮಧ್ಯಾಹ್ನ ಅವಳು ಸತ್ತವರಿಗೆಂದು ಇಡುವ ನೀರಿನ ಲೋಟವನ್ನು ಸ್ಟೀರಿಂಗ್ ಮುಂದಿಟ್ಟು, ಬಾಗಿಲು ಹಾಕಿ ಹೋದಳು. ಬಿಸಿಲಿಗೆ ಗಾಡಿಯ ತಗಡು ಸುಡುತ್ತಿತ್ತು. ಸಂಜೆ ನೋಡಿದರೆ ಲೋಟದ ಮೈಯೆಲ್ಲ ಬೆವರಿತ್ತು, ನೀರು ಕೊರೆಯುತ್ತಿತ್ತು.

ಹೊಸ ಎಂಜಿನ್‌ಗೆ ಆ ಪೈಪ್ ಅಡ್ಡ ಬರುತ್ತದೆ, ಕತ್ತರಿಸಲೇಬೇಕು. ಗರಗಸ ಎತ್ತಿಕೊಂಡು ಬಾನೆಟ್ಟಿನೊಳಗೆ ಬಗ್ಗಿದೆ. ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿತು. ಗ್ಯಾಸು ಸೋರುತ್ತಿದೆ ಅಂದುಕೊಂಡೆ.

ಆದರೆ ಪೈಪ್ ಇದ್ದದ್ದು ನನ್ನ ಮುಂದೆ. ಗಾಳಿ ಬಂದದ್ದು ಬೆನ್ನ ಹಿಂದಿನಿಂದ.