ಒಂಟೆಗೆ ಹೇಳಿದ ಮಾತು

ಖಾರಿಯಾ ಢಾಣಿ, ಜೈಸಲ್ಮೇರ್ ಜಿಲ್ಲೆ
೮ ಜುಲೈ ೧೯೯೭

ಪ್ರೀತಿಯ ಮಾಸಾ,

ಈ ಚಳಿಗಾಲದಿಂದ ನಮ್ಮೂರ ಮರಳುಗಾಡು ನೋಡಲು ಬರುವವರನ್ನೆಲ್ಲ ಸುತ್ತಿಸಿ ತೋರಿಸುವವಳು ನಿಮ್ಮ ಮಗಳೇ ಅಂತೆ, ಮಾವನವರೇ ಹೇಳಿಬಿಟ್ಟರು! ನಮಸ್ಕಾರ, ಕುಶಲ ಎಲ್ಲ ಆಮೇಲೆ. ಇಂಥ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಕುಶಲ ಕೇಳುವ ತಾಳ್ಮೆ ನನಗೆ ಹುಟ್ಟಿದಾಗಿನಿಂದ ಇಲ್ಲ.

‘ನಮ್ಮೂರು’ ಎಂದು ಬರೆದಿದ್ದೇನೆ. ಅದನ್ನು ಬಾಪೂಸಾಗೆ ಎರಡು ಸಲ ಓದಿ ಹೇಳಿ. ಮದುವೆಯಾಗಿ ಏಳು ತಿಂಗಳಾಯಿತು, ಜೋಧ್‌ಪುರ ಈಗ ನನಗೆ ತವರು.

ನಿಮ್ಮ ಪತ್ರ ಬಂತು. ಮದುವೆಯಾದ ಮೊದಲ ಶ್ರಾವಣ, ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು, ಬಂದುಬಿಡು ಎಂದಿದ್ದೀರಿ. ಬರುತ್ತೇನೆ. ಆದರೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕಿದ್ದನ್ನೂ ಓದಿದೆ. ಬಾಪೂಸಾ ತಮ್ಮ ಹೋಟೆಲ್ಲಿನಲ್ಲಿ ಮ್ಯಾನೇಜರ್ ಕೆಲಸ ಕೊಡುತ್ತೇನೆಂದು ಇವರಿಗೆ ಬರೆದರಂತೆ. ಇವರಿಂದ ನಾಲ್ಕೇ ಸಾಲಿನಲ್ಲಿ ‘ಬೇಡ’ ಎಂದು ಉತ್ತರ ಬಂತಂತೆ. ಅದಕ್ಕೇ ಈ ಸಲ ನಾನು ಬಂದರೆ, ಅಳಿಯ ಒಪ್ಪುವ ತನಕ ನನ್ನನ್ನು ವಾಪಸು ಕಳಿಸುವುದಿಲ್ಲವಂತೆ. ‘ಅಲ್ಲೇನಿದೆ? ಮಣ್ಣಾದರೂ ಇದ್ದಿದ್ರೆ ಏನಾದ್ರೂ ಬೆಳೀಬಹುದಿತ್ತು, ಬರೀ ಮರಳು’ ಎಂದರಂತೆ.

ಏನಿದೆ ಎಂದು ನಾನು ಹೇಳುತ್ತೇನೆ, ಮಾಸಾ. ಹೋಟೆಲ್ಲಿನ ಗೋಡೆಯ ಮೇಲೆ ಬಾಪೂಸಾ ಬರೆಸಿದ ಮರಳುದಿಬ್ಬಕ್ಕೆ ಇರುವುದು ಹಳದಿ ಒಂದೇ ಬಣ್ಣ. ಇಲ್ಲಿ ಬೆಳಗಿನ ಮರಳು ಹಾಲಿನ ಕೆನೆ, ಹತ್ತು ಗಂಟೆಗೆ ಹುರಿದ ಸಜ್ಜೆ ಹಿಟ್ಟು, ಸಂಜೆ ನಿಮ್ಮ ರೇಷ್ಮೆ ಓಢಣಿಯ ಕುಂಕುಮ. ರಾತ್ರಿ ಗಾಳಿ ಬೀಸಿದರೆ ನಿನ್ನೆ ಹತ್ತಿದ ದಿಬ್ಬ ಇವತ್ತು ಇನ್ನೊಂದು ಕಡೆ ಕೂತಿರುತ್ತದೆ. ಒಣಗಿದ ಕೆರೆಯಂಗಳದಲ್ಲಿ ಮಡಕೆ ಇಳಿಯುವಷ್ಟೇ ಬಾಯಿಯ ಪುಟ್ಟ ಬಾವಿಗಳಿವೆ, ಆ ನೀರು ಕುಡಿದ ಮೇಲೆ ನಿಮ್ಮ ನಲ್ಲಿಯ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಹೋದ ವಾರ ಮೊದಲ ಮಳೆ ಬಿತ್ತು. ಮರುದಿನ ಮರಳಿನೊಳಗಿಂದ ಕೆಂಪು ಮಖಮಲ್ ಹುಳಗಳು ಎದ್ದು ಬಂದವು, ಯಾರೋ ಕುಪ್ಪಸದ ಗುಂಡಿ ಚೆಲ್ಲಿದ ಹಾಗೆ. ಕುರಿಮರಿಯಷ್ಟು ಎತ್ತರದ ಗೋಡಾವಣ ಹಕ್ಕಿ ರಾಣಿಯಂತೆ ನಡೆದು ಹೋಗುವುದನ್ನು ನಾನು ಮೂರು ಸಲ ನೋಡಿದ್ದೇನೆ. ಇವರು ನಾಲ್ಕು ಸಲ ಎನ್ನುತ್ತಾರೆ, ನಾಲ್ಕನೆಯದು ನವಿಲು ಎಂದು ನನ್ನ ವಾದ.

ಈಗ ಭಾನುವಾರದ ಕಥೆ ಕೇಳಿ. ಈ ಸೆಖೆಯಲ್ಲಿ ಯಾರೂ ಬರುವುದಿಲ್ಲ, ಆದರೆ ಫ್ರಾನ್ಸಿನವರಿಗೆ ರಜೆ ಸಿಗುವುದೇ ಈಗಂತೆ. ಮೂವರು ಹೆಂಗಸರು ಬಂದರು. ಹೆಂಗಸರು ಎಂದು ಅತ್ತೆ ನನ್ನನ್ನೂ ನೀರಿನ ಕೊಡದ ಜೊತೆ ಕಳಿಸಿದರು. ಮುಂದೆ ಮಾವ ಒಂಟೆ ಹಿಡಿದುಕೊಂಡು, ಹಿಂದೆ ನಾನು ಗದ್ದದ ತನಕ ಮುಸುಕು ಎಳೆದುಕೊಂಡು. ಮಾವನ ಎದುರು ಸೊಸೆಯ ದನಿ ಕೇಳಿಸಬಾರದು ಎಂಬುದು ನಿಮಗೆ ಗೊತ್ತೇ ಇದೆ. ಏಳು ತಿಂಗಳಲ್ಲಿ ಅವರು ನನ್ನ ಒಂದು ಮಾತೂ ಕೇಳಿರಲಿಲ್ಲ. ಅವರ ಇಂಗ್ಲಿಷು ಎರಡೇ ಮಾತಿನದು. ಯಾರು ಏನು ಕೇಳಿದರೂ ‘ನೋ ಪ್ರಾಬ್ಲಂ’.

ದೇವಿಯ ಕಾಡಿಗೆ ಬಂದೆವು. ಬನ್ನಿ ಮರಗಳ ನೆರಳು, ಕಂಟಿಗಳ ನಡುವೆ ಒಂದು ಕಲ್ಲು, ಅಷ್ಟೇ ಗುಡಿ. ಆರುನೂರು ವರ್ಷದಿಂದ ಅಲ್ಲಿ ಯಾರೂ ಕಡ್ಡಿ ಮುರಿದಿಲ್ಲ, ಬಿದ್ದ ಕಡ್ಡಿಯನ್ನೂ ಎತ್ತಿಲ್ಲ ಎನ್ನುತ್ತಾರೆ. ಆ ಹೆಂಗಸರಲ್ಲಿ ಹಿರಿಯಳು ಒಣ ಸೌದೆ ತೋರಿಸಿ, ಇದರಲ್ಲಿ ಬೆಂಕಿ ಮಾಡಿ ಚಹಾ ಕಾಸಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾವ ನಗುತ್ತಾ ‘ನೋ ಪ್ರಾಬ್ಲಂ’ ಎಂದರು. ಅವಳು ಬಗ್ಗಿದಳು.

ಮಾತಾಡಿದರೆ ಸೊಸೆಯ ಮರ್ಯಾದೆ ಹೋಗುತ್ತದೆ. ಸುಮ್ಮನಿದ್ದರೆ ದೇವಿಯ ಕಾಡಿನ ಸೌದೆ ಸುಟ್ಟ ಮನೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ನಾನು ಮಾತಾಡಿದೆ. ಮುಸುಕಿನೊಳಗಿಂದಲೇ, ಕಾನ್ವೆಂಟಿನ ಇಂಗ್ಲಿಷಿನಲ್ಲಿ, ದಯವಿಟ್ಟು ಅದನ್ನು ಇದ್ದಲ್ಲೇ ಬಿಡಿ, ಇದು ದೇವಿಯದು ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಮಾತು ಶುರುವಾದ ಮೇಲೆ ನಿಲ್ಲಿಸುವುದು ನನಗೆ ಬರುವುದಿಲ್ಲವಲ್ಲ, ಮರ, ಹಕ್ಕಿ, ಬಾವಿ ಎಲ್ಲವನ್ನೂ ಹೇಳಿಬಿಟ್ಟೆ.

ಮುಗಿಸಿ ಮುಸುಕನ್ನು ಇನ್ನಷ್ಟು ಕೆಳಗೆಳೆದುಕೊಂಡೆ. ಮಾವ ನನ್ನ ಕಡೆ ತಿರುಗಲಿಲ್ಲ, ತಿರುಗುವ ಹಾಗೂ ಇಲ್ಲ. ಒಂಟೆಯ ಕತ್ತು ಸವರಿ ಹೇಳಿದರು: ‘ರೂಪಲೀ, ಬೀಂದಣಿ ಅವರನ್ನ, ನಮ್ಮನೆ ಸೊಸೇನ, ಕೇಳು. ಬೇಟೆಗೆ ಬಂದ ರಾಜ ಇಲ್ಲಿ ಬಿಲ್ಲು ಇಳಿಸಿ ಹೋದ ಕಥೆ ಯಾಕೆ ಬಿಟ್ರು ಅಂತ.’

ನಾನೂ ಒಂಟೆಗೇ ಹೇಳಿದೆ: ‘ರೂಪಲೀ, ಆ ಕಥೆ ನಂಗೆ ಯಾರೂ ಹೇಳಿಲ್ಲ ಅಂತ ಮಾವ ಹುಕುಂಗೆ ಹೇಳು.’

‘ಹಾಗಾದ್ರೆ ಈಗ ಕೇಳಿಸ್ಕೊಳ್ಳಲಿ.’

ಮಧ್ಯಾಹ್ನದವರೆಗೂ ಇದೇ. ಅವರು ಒಂಟೆಗೆ ಹೇಳುವುದು, ನಾನು ಅದನ್ನು ಇಂಗ್ಲಿಷ್ ಮಾಡುವುದು. ಕೊನೆಗೆ ಆ ಹಿರಿಯಳು, ನಿಮ್ಮ ಒಂಟೆಗೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದಳು.

ಸಂಜೆಗೆ ಸುದ್ದಿ ಊರು ಸುತ್ತಿ ಬಂತು. ಪಕ್ಕದ ಮನೆಯ ಕಾಕಿಸಾ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು, ‘ಪಟ್ಟಣದ ಸೊಸೆ ಮುಖ ಮುಚ್ಕೊಂಡು ನಾಲಿಗೆ ಬಿಚ್ಚಿದಳಂತೆ’ ಎಂದರು. ಅತ್ತೆ ಕಡಗೋಲು ನಿಲ್ಲಿಸಲೇ ಇಲ್ಲ. ‘ಮುಖ ಮುಚ್ಚು ಅಂತ ದೊಡ್ಡೋರು ಹೇಳವ್ರೆ. ಬಾಯಿ ಹೊಲ್ಕೋ ಅಂತ ಯಾರು ಹೇಳವ್ರೆ? ನಿನ್ನ ಬಾಯಿ ಹೊಲಿಯೋಕೆ ಹೋದ್ರೆ ಊರಿನ ದಾರ ಸಾಲಲ್ಲ’ ಎಂದರು.

ನಿನ್ನೆ ಬೆಳಿಗ್ಗೆ ಮಾವ ಅಂಗಳದಲ್ಲಿ ರೂಪಲಿಗೆ ಮೇವು ಹಾಕುತ್ತಾ, ನನಗೆ ಕೇಳುವಷ್ಟು ಗಟ್ಟಿಯಾಗಿ, ‘ನನ್ನ ಮೊಣಕಾಲು ಸಾಕಾಗಿದೆ. ಚಳಿಗಾಲಕ್ಕೆ ಬರೋರನ್ನ ಬೀಂದಣಿ ಕರ್ಕೊಂಡು ಹೋಗಲಿ. ಊರೋರು ಕೇಳಿದ್ರೆ ನಾನು ಉತ್ತರ ಕೊಡ್ತೀನಿ’ ಎಂದರು. ನಾನು ಅಡಿಗೆಮನೆಯಲ್ಲಿ ರೊಟ್ಟಿ ಸೀಯಿಸಿಬಿಟ್ಟೆ. ಸೀದ ರೊಟ್ಟಿಯನ್ನೇ ಎಲ್ಲರೂ ತಿಂದರು.

ಆದ್ದರಿಂದ ಬಾಪೂಸಾಗೆ ಹೇಳಿ: ಶ್ರಾವಣ ಪೂರ್ತಿ ಇರುತ್ತೇನೆ, ಉಯ್ಯಾಲೆ ಆಡುತ್ತೇನೆ, ಘೇವರ್ ತಿನ್ನುತ್ತೇನೆ, ಅವರ ಬೈಗುಳವನ್ನೂ ತಿನ್ನುತ್ತೇನೆ. ಭಾದ್ರಪದದ ಮೊದಲ ದಿನ ಹೊರಡುತ್ತೇನೆ. ಬಾಗಿಲು ಹಾಕಿಕೊಂಡರೆ ಹೊಸ್ತಿಲ ಮೇಲೆ ಕೂತು, ಅವರ ಅತಿಥಿಗಳಿಗೆಲ್ಲ ಗೋಡೆಯ ಮೇಲಿನ ದಿಬ್ಬದಲ್ಲಿ ಏನೇನು ತಪ್ಪಿದೆ ಎಂದು ವಿವರಿಸುತ್ತೇನೆ. ಇಂಗ್ಲಿಷ್ ಕಲಿಸಿದವರು ಅವರೇ.

ನಿಮ್ಮ ಮಾತಿನಮಲ್ಲಿ, ಮರಳಿನ ಮನೆಯ ಸೊಸೆ,
ಮೃದುಲಾ

ಮರೆತ ಮಾತು: ಮರೆತದ್ದಲ್ಲ ಮಾಸಾ, ಬರೆಯಲು ಧೈರ್ಯ ಸಾಲಲಿಲ್ಲ. ಆ ನಾಲ್ಕು ಸಾಲು ಇವರದಲ್ಲ, ನನ್ನದು. ಬಾಪೂಸಾ ಅವರ ಪತ್ರ ಬಂದ ದಿನ ಇವರು ಊರಲ್ಲಿರಲಿಲ್ಲ. ಒಡೆದು ಓದಿದೆ, ಇವರ ಹೆಸರಿನಲ್ಲಿ ಉತ್ತರ ಬರೆದು ಹಾಕಿದೆ. ನನ್ನ ಸುಖಕ್ಕೆಂದು ಇವರು ‘ಹೂಂ’ ಎಂದುಬಿಟ್ಟರೆ ಎಂಬ ಭಯ. ಮೊನ್ನೆ ಒಪ್ಪಿಕೊಂಡೆ. ಒಂದು ಹಗಲೆಲ್ಲ ನನ್ನೊಡನೆ ಮಾತಾಡಲಿಲ್ಲ. ಆಮೇಲೆ, ‘ನಾನೂ ಬೇಡ ಅಂತಲೇ ಅಂತಿದ್ದೆ. ಆದ್ರೆ ಅದನ್ನ ಹೇಳೋ ಹಕ್ಕು ನಂದು. ನಿಮ್ಮ ಬಾಪೂಸಾ ಎದುರಿಗೆ ನಿಂತು ಹೇಳ್ತೀನಿ, ನೀವೂ ನಿಮ್ಮದನ್ನ ಹೇಳಿ’ ಎಂದರು. ಹಾಗಾಗಿ ಇಬ್ಬರೂ ಬರುತ್ತಿದ್ದೇವೆ. ಜುಲೈ ಹತ್ತೊಂಬತ್ತು, ಶನಿವಾರ, ಜೈಸಲ್ಮೇರಿನಿಂದ ಬರುವ ಹಗಲು ಗಾಡಿ.