ಪರ್ಸಿನಲ್ಲಿ ಇಲ್ಲದ ಕಾರ್ಡು

ಮಾರ್ಟೀನಾ ಫ್ರಾಂಕಾ
ಮೇ 14, ಮಂಗಳವಾರ

ಬೊನಾರಿಯಾ ಅತ್ತೆಯವರೇ,

ಮೊದಲೇ ನಮಸ್ಕಾರ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಅಷ್ಟು ಮರ್ಯಾದೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಮಗ ನಿನ್ನೆ ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದ. ಕಣ್ಣಿನ ಹಳದಿ ಇಳಿದಿದೆ. ಬೆಳಿಗ್ಗೆ ಕಾಫಿಗೆ ಸಕ್ಕರೆ ಸಾಲದು ಎಂದು ಗೊಣಗಿದ, ಅಲ್ಲಿಗೆ ಬದುಕಿದ ಎಂದು ತಿಳಿದುಕೊಳ್ಳಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಅಳಲು ಶುರು ಮಾಡುತ್ತೀರಿ, ನಾನು ಸುಮ್ಮನಾಗಿಬಿಡುತ್ತೇನೆ. ಒಳಗಿನದು ಒಳಗೇ ಕುದಿಯುತ್ತದೆ. ಅದಕ್ಕೇ ಈ ಕಾಗದ.

ಕಳೆದ ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಕಾರ್ಖಾನೆಯಲ್ಲಿ ಕೋಟಿನ ತೋಳಿಗೆ ಅಸ್ತರಿ ಹಾಕುತ್ತಿದ್ದೆ. ಆಂಟಿಯೋಕೊನ ಮೇಸ್ತ್ರಿ ಫೋನ್ ಮಾಡಿದ. "ನಿಮ್ಮ ಹುಡುಗ ಗೋಡೆ ಕಟ್ತಾ ಕಟ್ತಾ ಕುಸಿದುಬಿದ್ದ. ಮುಖ ಅರಿಶಿನ ಬಳಿದ ಹಾಗಿದೆ. ಆಂಬುಲೆನ್ಸ್‌ನೋರು ಇವನಿಗೆ ಏನು ಕಾಯಿಲೆ ಅಂತಾರೆ, ನಾನೇನು ಹೇಳ್ಲಿ?" ಎಂದ. ಪರ್ಸು ತೆಗೆದು ನೋಡಿದ್ದಾನೆ. ಒಳಗೆ ಡ್ರೈವಿಂಗ್ ಲೈಸೆನ್ಸು, ಟೈರ್ ಅಂಗಡಿಯ ಒಂದು ಚೀಟಿ, 'ಅಮ್ಮ, ಮನೆ' ಎಂದು ಬರೆದ ಒಂದು ನಂಬರು. ಆ ನಂಬರಿಗೆ ನಾಲ್ಕು ಸಲ ಮಾಡಿದನಂತೆ, ಕೊನೆಗೆ ಜೊತೆ ಕೆಲಸದವರ ಬಳಿ ನನ್ನ ನಂಬರು ಸಿಕ್ಕಿತಂತೆ. ನೀವು ಆ ಫೋನ್ ತೆಗೆಸಿ ಮೂರು ವರ್ಷವಾಯಿತಂತಲ್ಲ! ಅವನಾದರೂ ಒಂದು ಗೆರೆ ಎಳೆದು ಹೊಸ ನಂಬರು ಬರೆದುಕೊಂಡನೇ? ಇಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿದ್ದ ನರ್ಸು ಕೇಳಿದಳು, "ನೀವು ಅವರಿಗೆ ಏನಾಗಬೇಕು?"

"ಮದುವೆ ಆಗೋಳು."

"ಅಂದ್ರೆ ಇನ್ನೂ ಆಗಿಲ್ಲ," ಎಂದು ಬರೆದುಕೊಂಡಳು.

ಆಮೇಲೆ ಪ್ರಶ್ನೆಗಳ ಸುರಿಮಳೆ. ರಕ್ತದ ಗುಂಪು ಯಾವುದು? ಯಾವ ಔಷಧಿ ಒಗ್ಗುವುದಿಲ್ಲ? ಮನೆತನದಲ್ಲಿ ಏನಾದರೂ ಕಾಯಿಲೆ ಇದೆಯೇ? ಅತ್ತೆ, ನನಗೆ ಅವನ ಚಪ್ಪಲಿಯ ಅಳತೆ ಗೊತ್ತು, ಎದೆಯ ಸುತ್ತಳತೆ ಗೊತ್ತು, ಮದುವೆಯ ಕೋಟನ್ನು ನಾನೇ ಕತ್ತರಿಸಿಟ್ಟಿದ್ದೇನೆ. ಕೇಳಿದ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ಎರಡು ವರ್ಷದಿಂದ ಜೊತೆಗಿದ್ದೀರಿ ಅಂತೀರಿ?" ಎಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿಮ್ಮ ಈಗಿನ ನಂಬರೂ ನನ್ನ ಬಳಿ ಇರಲಿಲ್ಲ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದೆಲ್ಲ ಅವನದರಿಂದಲೇ. ಅದಕ್ಕೋ ಬೀಗ. ಅವನ ಹುಟ್ಟಿದ ದಿನ, ನನ್ನ ಹುಟ್ಟಿದ ದಿನ, ಅವನ ಮೆಚ್ಚಿನ ಫುಟ್‌ಬಾಲ್ ತಂಡ ಗೆದ್ದ ವರ್ಷ, ಎಲ್ಲ ಒತ್ತಿ ನೋಡಿದೆ. ಕೊನೆಗೆ ಅದು ಅರ್ಧ ಗಂಟೆ ಮುಟ್ಟಬೇಡ ಎಂದಿತು. ಒಳಗೆ ಅವನು ಏದುಸಿರು ಬಿಡುತ್ತಿದ್ದ. ಯಕೃತ್ತಿರಬಹುದು, ಪಿತ್ತಕೋಶದ ಕಲ್ಲಿರಬಹುದು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಆಗ ನೆನಪಾಯಿತು, ಸಮುದ್ರದಾಚೆ ನಿಮ್ಮ ದ್ವೀಪದ ಊರಿನಲ್ಲಿ, ಚರ್ಚಿನ ಎದುರಿನ ಎಫೀಸಿಯೊನ ಬಾರು. ಆಂಟಿಯೋಕೊ ದಿನಕ್ಕೆ ಎರಡು ಸಲವಾದರೂ ಅದರ ಹೆಸರೆತ್ತುತ್ತಾನೆ. ನನ್ನ ಫೋನಿನಲ್ಲಿ ಹುಡುಕಿದೆ, ನಂಬರು ಸಿಕ್ಕಿತು. ನಾನು ಇಂಥವಳು, ಆಂಟಿಯೋಕೊ ಆಸ್ಪತ್ರೆಯಲ್ಲಿದ್ದಾನೆ, ಮೈಯೆಲ್ಲ ಹಳದಿಯಾಗಿದೆ ಎಂದೆ. ಆ ಮನುಷ್ಯ ಉಸಿರೂ ತೆಗೆದುಕೊಳ್ಳದೆ ಕೇಳಿದ ಮೊದಲ ಮಾತು:

"ಅವರೆ ತಿಂದ್ನಾ?"

ನಾನು ತಬ್ಬಿಬ್ಬಾದೆ. ಯಾವ ಅವರೆ?

"ಫಾವಾ ಕಣಮ್ಮ, ಫಾವಾ! ಅದು ಅವನ ರಕ್ತಕ್ಕೆ ಆಗಲ್ಲ, ಒಡೆದುಹೋಗತ್ತೆ. ಅವನ ಸೋದರಮಾವ ಒಂಬತ್ತು ವರ್ಷಕ್ಕೇ ಹೋಗಿದ್ದು ಅದರಿಂದಲೇ. ನಮ್ಮೂರಲ್ಲಿ ನಾಯಿಗೂ ಗೊತ್ತು. ನಿಮಗೆ ಹೇಳಿಲ್ವಾ?"

ಇಲ್ಲ. ನಮಗೆ ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮಮ್ಮ ಒಣ ಫಾವಾ ಬೇಯಿಸಿ, ಬೆಣ್ಣೆಯ ಹಾಗೆ ನುಣ್ಣಗೆ ಅರೆದು, ಎಣ್ಣೆ ಸುರಿದು, ಕಾಡುಸೊಪ್ಪಿನ ಜೊತೆ ಬಡಿಸಿದ್ದಳು. ಅಳಿಯನಾಗುವವನೆಂದು ಎರಡನೆಯ ಸಲವೂ ತಟ್ಟೆ ತುಂಬಿಸಿದ್ದಳು.

ಎಫೀಸಿಯೊ ಫೋನ್ ಹಿಡಿದುಕೊಂಡೇ ನಿಮ್ಮ ಮನೆಗೆ ಓಡಿದ. ದಾರಿಯಲ್ಲಿ ಅವನ ಚಪ್ಪಲಿಯ ಸದ್ದು, ಯಾರೋ "ಏನಾಯ್ತೋ" ಎಂದು ಕೇಳಿದ್ದು, ಎಲ್ಲ ನನಗೆ ಕೇಳಿಸುತ್ತಿತ್ತು. ಆಮೇಲೆ ನಿಮ್ಮ ದನಿ. ಡ್ರಾಯರ್ ಎಳೆದ ಸದ್ದು. ಅವನಿಗೆ ಕೊಡಬಾರದ ಔಷಧಿಗಳ ಹೆಸರಿದ್ದ, ಅವನ ಪರ್ಸಿನಲ್ಲಿರಬೇಕಿದ್ದ ಆ ಕಾರ್ಡನ್ನು ನೀವು ಅಳುತ್ತಾ ಓದಿದಿರಿ, ನಾನು ಒಂದೊಂದೇ ಹೆಸರನ್ನು ಡಾಕ್ಟರಮ್ಮನಿಗೆ ಒಪ್ಪಿಸಿದೆ. ಆಕೆ ಕೈಗವಸಿನ ಡಬ್ಬದ ಮೇಲೆ ಬರೆದುಕೊಂಡರು. ಏಳನೆಯದೋ ಎಂಟನೆಯದೋ ಹೆಸರಿಗೆ ಆಕೆಯ ಪೆನ್ನು ನಿಂತಿತು. "ಇನ್ನೊಂದ್ಸಲ ಹೇಳಿ," ಎಂದರು. ಹೇಳಿದೆ. ತಿರುಗಿ ಒಳಗೆ ಕೂಗಿದರು, "ಆ ನೀಲಿ ಔಷಧಿ ಬೇಡ! ತೆಗೀರಿ ಅದನ್ನ!" ಇನ್ನು ಐದು ನಿಮಿಷಕ್ಕೆ ಅದು ಅವನ ಮೈ ಸೇರುತ್ತಿತ್ತಂತೆ. ಇರುವ ರಕ್ತವೂ ಒಡೆಯುತ್ತಿತ್ತಂತೆ.

ಐದು ನಿಮಿಷ, ಅತ್ತೆ. ಆ ಬಾರು ಅಂದು ಬಾಗಿಲು ಹಾಕಿದ್ದರೆ?

ಎರಡು ಬಾಟಲಿ ರಕ್ತ ಹಾಕಿದ ಮೇಲೆ ಅವನಿಗೆ ಮಾತು ಬಂತು. ನಾನು ಕೇಳಿದೆ, ನಿನಗೆ ಗೊತ್ತಿರಲಿಲ್ಲವೇ ಎಂದು. "ಎರಡನೇ ಚಮಚಕ್ಕೇ ಗೊತ್ತಾಯ್ತು," ಎಂದ. "ನಿಮ್ಮಪ್ಪ ನನ್ನ ತಟ್ಟೇನೇ ನೋಡ್ತಿದ್ರು. ಮುಂಚೆ ಒಂದ್ಸಲ ತಿಂದಾಗ ಏನೂ ಆಗಿರ್ಲಿಲ್ಲ, ಈಗ್ಲೂ ಆಗಲ್ಲ ಅಂದ್ಕೊಂಡೆ." ಸೋಮವಾರ ಉಚ್ಚೆ ಕಪ್ಪು ವೈನಿನ ಬಣ್ಣಕ್ಕೆ ತಿರುಗಿದ್ದನ್ನೂ ಮುಚ್ಚಿಟ್ಟು ಕೆಲಸಕ್ಕೆ ಹೋಗಿದ್ದಾನೆ. ಮೂವತ್ತಾರು ವರ್ಷದ ಗಂಡಸು! ಮತ್ತೆ ಕಾರ್ಡು ಎಲ್ಲಿ ಎಂದರೆ, "ಅಮ್ಮ ತೆಗೆದಿಟ್ಕೊಂಡಳು," ಎಂದು ಗೋಡೆಯ ಕಡೆ ತಿರುಗಿದ.

ನೀವೇ ಒಪ್ಪಿಕೊಂಡಿರಿ. ಕಳೆದ ವರ್ಷ ನಮ್ಮ ಮನೆಗೆ ಮದುವೆ ಮಾತಾಡಲು ಬರುವ ಹಿಂದಿನ ದಿನ ಅವನ ಪರ್ಸಿನಿಂದ ಅದನ್ನು ತೆಗೆದಿರಿ. "ಹುಡುಗಿ ಮನೆಯೋರು ನೋಡಿದ್ರೆ ರಕ್ತ ಕೆಟ್ಟೋರ ಮನೆ ಅಂದ್ಕೋತಾರೆ, ಮದುವೆ ಒಂದು ಆಗಿಬಿಡ್ಲಿ ಅಂತಿದ್ದೆ," ಎಂದಿರಿ. ಒಂಬತ್ತು ವರ್ಷದ ಅಣ್ಣನನ್ನು ಮಣ್ಣು ಮಾಡಿದ್ದನ್ನು ಕಂಡವರು ನೀವು. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿತ್ತು? ಸಂಬಂಧ ತಪ್ಪೀತೆಂದು ಮಗನ ಜೀವವನ್ನು ಡ್ರಾಯರಿನಲ್ಲಿ ಇಡುತ್ತಾರೆಯೇ? ಇಲ್ಲಿ ನಮ್ಮಮ್ಮ ಒಲೆಯ ಮುಂದೆ ನಿಂತು "ನನ್ನ ಕೈಯಾರೆ ವಿಷ ಹಾಕಿದೆನಲ್ಲೋ" ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ಅವಳಿಗೆ ಯಾರು ಸಮಾಧಾನ ಹೇಳಬೇಕು?

ಆ ಕಾರ್ಡನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಪ್ರತಿ ಮಾಡಿಸಿ ಅವನ ಪರ್ಸಿನಲ್ಲಿ, ಹೆಲ್ಮೆಟ್ಟಿನೊಳಗೆ, ಕಾರಿನಲ್ಲಿ, ಮೇಸ್ತ್ರಿಯ ಬಳಿ ಇಡುತ್ತೇನೆ. ಫೋನಿನ ಬೀಗ ತೆಗೆಯದೆಯೇ ಕಾಣುವ ಹಾಗೆ ನನ್ನ ನಂಬರು, ನಿಮ್ಮದು, ಎಫೀಸಿಯೊನದು ಹಾಕಿದ್ದೇನೆ. "ಕುತ್ತಿಗೆಗೆ ಗಂಟೇನೂ ಕಟ್ಬಿಡು, ಕುರಿ ಕಳೆದುಹೋದ್ರೆ ಸಿಗತ್ತೆ," ಎಂದು ನಿಮ್ಮ ಮಗ ಅಣಕಿಸಿದ. ನನಗೆ ನಗು ಬರಲಿಲ್ಲ.

ಸಿಟ್ಟು ಇಳಿದ ಮೇಲೆ ಇನ್ನೊಂದು ಕಾಗದ ಬರೆಯಬಹುದಿತ್ತು. ಇಳಿಯುವವರೆಗೆ ಕಾಯಲಾಗಲಿಲ್ಲ.

ಈಗಲೂ ನಿಮ್ಮ ಸೊಸೆಯಾಗಬೇಕೆಂದಿರುವ,
ಡೊನಾಟಾ

ಮರೆತದ್ದು, ಬುಧವಾರ ಬೆಳಿಗ್ಗೆ: ಮರೆತದ್ದು ಎಂಬುದೂ ಸುಳ್ಳೇ. ನಿನ್ನೆಯೇ ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ನನಗೆ ಹದಿನಾರು ವರ್ಷವಾದಾಗ ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದ್ದರು. ತಲಸೇಮಿಯಾದ ಅಂಶ ನನ್ನ ರಕ್ತದಲ್ಲಿದೆ. ನನಗೇನೂ ತೊಂದರೆಯಿಲ್ಲ. ಆದರೆ ಗಂಡನಾಗುವವನಲ್ಲೂ ಅದಿದ್ದರೆ ಹುಟ್ಟುವ ಮಗು ಜೀವನವಿಡೀ ರಕ್ತ ಹಾಕಿಸಿಕೊಂಡೇ ಬದುಕಬೇಕಾಗಬಹುದು, ಮದುವೆಗೆ ಮುಂಚೆ ಅವನನ್ನೂ ಪರೀಕ್ಷಿಸಿ ಎಂದು ಆ ಚೀಟಿಯಲ್ಲೇ ಬರೆದಿದೆ. ಈಗ್ಯಾಕೆ, ಆಮೇಲೆ ನೋಡೋಣ ಎಂದು ಅಮ್ಮ ಹೇಳಿದ್ದು ಒಂದೇ ಸಲ. ಹದಿನೈದು ವರ್ಷ ಮುಚ್ಚಿಟ್ಟವಳು ನಾನೇ. ನಿಮ್ಮ ದ್ವೀಪದಲ್ಲೂ ಇದು ಬಹಳವಂತೆ. ಅವನಿಗೆ ಈಗಷ್ಟೇ ಬೇರೆಯವರ ರಕ್ತ ಹಾಕಿರುವುದರಿಂದ ಮೂರು ತಿಂಗಳು ಪರೀಕ್ಷಿಸಿಯೂ ಪ್ರಯೋಜನವಿಲ್ಲ ಎಂದರು ಡಾಕ್ಟರಮ್ಮ. ಆದ್ದರಿಂದ ನಿಮ್ಮ ಕಡೆ, ಮಾವನವರ ಕಡೆ ಯಾರಿಗಾದರೂ ಇದೆಯೇ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಈ ಬೆಳಿಗ್ಗೆ ಆ ಚೀಟಿಯನ್ನು ಆಂಟಿಯೋಕೊನ ಕೈಗೆ ಕೊಟ್ಟೆ. ಎರಡು ಸಲ ಓದಿದ. "ನಾನು ಆಸ್ಪತ್ರೇಲಿ ಬಿದ್ದಿದ್ದಾಗ, ನೀನು ನಮ್ಮಮ್ಮನ ಮೇಲೆ ಕೂಗಾಡ್ತಿದ್ದಾಗ, ಇದು ನಿನ್ನ ಬೀರೂಲೇ ಇತ್ತಾ?" ಎಂದ. ಇತ್ತು ಎಂದೆ.